ಅಡಿಕೆಗೆ ರೇಟ್ ಉಂಟು, ಕಾಡಿನ ಜೌಗಿಗೆ?

ಕಲ್ಲಡ್ಕದಿಂದ ಮಾತಾಡ್ತಿದ್ದೇನೆ. ನಮ್ಮಲ್ಲಿ ಯಾರನ್ನು ಕೇಳಿದ್ರೂ ಅಡಿಕೆಯ ಇವತ್ತಿನ ರೇಟ್ ಹೇಳ್ತಾರೆ. ಆದ್ರೆ ಬೇಸಿಗೆಯಲ್ಲೂ ತೋಡಿನಲ್ಲಿ ನೀರು ಉಳಿಸುವ ಕಾಡಿನ ರೇಟ್ ಎಷ್ಟು? ಇವತ್ತು ಆ ಲೆಕ್ಕ ಮಾಡುವ.

ಉದಾಹರಣೆ ಉತ್ತರ ಕನ್ನಡದ್ದು. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿ ಉಂಟು. ಅಂದ್ರೆ ಕಾಡಿನೊಳಗೆ ವರ್ಷವಿಡೀ ನೀರಿರುವ ಜೌಗು. ಕೆಸರಿನೊಳಗೆ ಗಾಳಿ ಸಿಗುವುದಿಲ್ಲ. ಹಾಗಾಗಿ ಇಲ್ಲಿನ ಜಾಯಿಕಾಯಿ ಕುಟುಂಬದ ಮರಗಳು ಬೇರನ್ನು ಮೊಣಕಾಲಿನ ಹಾಗೆ ಮೇಲೆತ್ತಿ ಉಸಿರಾಡ್ತವೆ. ಪಶ್ಚಿಮ ಘಟ್ಟದಲ್ಲಿ ಇಂಥ ಜೌಗು ಈಗ ಚೂರುಚೂರಾಗಿ ಮಾತ್ರ ಉಳಿದಿದೆ.

ಹೋದದ್ದು ಯಾಕೆ? ತಗ್ಗು ಜಾಗ, ತಪ್ಪದ ನೀರು, ಒಳ್ಳೆ ಮಣ್ಣು. ಗದ್ದೆಗೂ ಅಡಿಕೆ ತೋಟಕ್ಕೂ ಬೇಕಾದದ್ದು ಅದೇ ಅಲ್ವಾ? ತೋಟ ಮಾಡಿದವರ ಲೆಕ್ಕ ಅವರ ಮಟ್ಟಿಗೆ ಸರಿ. ತೋಟದ ಆದಾಯ ಪೂರ್ತಿ ಅವರ ಖಾತೆಗೆ ಬರ್ತದೆ. ಜೌಗು ಮಳೆನೀರು ಹಿಡಿದಿಟ್ಟು ನಿಧಾನಕ್ಕೆ ಬಿಡುವ ಲಾಭ ಕೆಳಗಿನ ಊರಿಗೆ ಹೋಗ್ತದೆ, ಅದಕ್ಕೆ ಬಿಲ್ ಇಲ್ಲ. ಜೌಗು ಹೋದ್ರೆ ನಷ್ಟವೂ ಕೆಳಗಿನವರ ಬಾವಿಗೇ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಎಕ್ಸ್‌ಟರ್ನಾಲಿಟಿ ಅಂತಾರೆ.

ಕಾಡಿಗೆ ಬೆಲೆ ಕಟ್ಟಲೇ ಇಲ್ಲ ಅಂತಲ್ಲ. ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಕೊಡುವಾಗ ನಿವ್ವಳ ಪ್ರಸ್ತುತ ಮೌಲ್ಯ ಅಂತ ಹಣ ಕಟ್ಟಬೇಕು. 2008ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ದರ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ. ಆಮೇಲೆ ದರ ಏರಿದೆ. ಆದ್ರೆ ಆ ಹಣದಲ್ಲಿ ಗುಡ್ಡದ ಮೇಲೆ ಗಿಡ ನೆಟ್ರೆ ಜೌಗು ಆಗ್ತದಾ ಮಾರ್ರೆ? ಈ ಮರಗಳ ಬೀಜ ಒಣಗಿದ್ರೆ ಮೊಳಕೆಯೇ ಬರುವುದಿಲ್ಲ. ಇದು ಮತ್ತೆ ಖರೀದಿಸಲು ಸಿಗದ ಆಸ್ತಿ. ಮಾರಿದ ಹಣವನ್ನು ಲಾಭ ಅಂತ ಬರೆದ್ರೆ ಬ್ಯಾಲೆನ್ಸ್ ಶೀಟೇ ಸುಳ್ಳು.

2011ರಲ್ಲಿ ಸರ್ಕಾರ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಿಸಿತು. ಒಳ್ಳೆಯದೇ. ಆದ್ರೆ ಕಾಡಿನಂಚಿನ ಕೃಷಿಕರಿಗೆ ಬರೀ ‘ಮುಟ್ಟಬೇಡಿ’ ಅಂದ್ರೆ ಸಾಕಾಗುವುದಿಲ್ಲ. 1997ರಲ್ಲಿ ನ್ಯೂಯಾರ್ಕ್ ನಗರ ದುಬಾರಿ ಶುದ್ಧೀಕರಣ ಘಟಕ ಕಟ್ಟುವ ಬದಲು, ಮೇಲ್ಭಾಗದ ಕ್ಯಾಟ್ಸ್‌ಕಿಲ್ ಬೆಟ್ಟಗಳ ಕಾಡು, ಜಮೀನು ಕಾಯಲು ಹಣ ಕೊಡುವ ಒಪ್ಪಂದ ಮಾಡಿತು. ಅದೇ ಅಗ್ಗವಾಯ್ತು.

ಕೆಳಗೆ ನೀರು ಕುಡಿಯುವವರು ಮೇಲೆ ಕಾಡು ಕಾಯುವವರಿಗೆ ಪಾಲು ಕೊಡಬೇಕು. ನಿಮ್ಮ ನೀರಿನ ಬಿಲ್‌ನಲ್ಲಿ ತಿಂಗಳಿಗೆ ಹತ್ತು ರೂಪಾಯಿ ಹೆಚ್ಚಾದ್ರೆ ಒಪ್ತೀರಾ? ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗುವ.