ಯಂತ್ರ ಏಳುವ ಮೊದಲ ಕ್ಷಣ, ಅದನ್ನು ಕಾಯುವ ಕೈಗಳು

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಎರೆಹೊಲಗಳಲ್ಲಿ ಯಾವಾಗ ಬಿತ್ತಬೇಕು, ಬರ ಘೋಷಣೆ ಆಗುತ್ತದೋ ಇಲ್ಲವೋ, ಹವಾಮಾನ ಆಧಾರಿತ ವಿಮೆ ಕೈಗೆ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಎಷ್ಟು ಮಿಲಿಮೀಟರ್ ಮಳೆಯಾಯಿತು ಎಂಬ ಒಂದು ಅಂಕಿಯ ಮೇಲೆ. ಆ ಅಂಕಿಯನ್ನು ಈಗ ಬಹುಪಾಲು ಯಂತ್ರಗಳೇ ಕೊಡುತ್ತವೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿ, ಇಂದು ಯಲಹಂಕದಿಂದ ಕೆಲಸ ಮಾಡುತ್ತಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಟೆಲಿಮೆಟ್ರಿಕ್ ಮಳೆಮಾಪಕಗಳನ್ನೂ ಹೋಬಳಿಗಳಲ್ಲಿ ಹವಾಮಾನ ಕೇಂದ್ರಗಳನ್ನೂ ನಿಲ್ಲಿಸಿದೆ. ಇವು ಸೌರಫಲಕ, ಬ್ಯಾಟರಿಯ ಬಲದಿಂದ ನಡೆದು, 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಲೆಕ್ಕ ಕಳುಹಿಸುತ್ತವೆ. ಮೋಡ ಕವಿದ ದಿನಗಳು ಒಂದರ ಹಿಂದೊಂದು ಬಂದಾಗಲೇ ಮಳೆಯ ಲೆಕ್ಕ ಹೆಚ್ಚು ಬೇಕು. ಬ್ಯಾಟರಿ ಸೋಲುವುದೂ ಆಗಲೇ. ಇಂಥ ಯಂತ್ರ ಒಮ್ಮೆ ಆರಿ, ಬಿಸಿಲು ಬಂದ ಮೇಲೆ ತಾನಾಗಿಯೇ ಏಳಬೇಕು. ಅದರ ಮುಂದೆ ಕೀಬೋರ್ಡ್ ಇಲ್ಲ, ಗುಂಡಿ ಒತ್ತಲು ಮನುಷ್ಯರಿಲ್ಲ. ಹಾಗೆ ಎಬ್ಬಿಸುವ ತಂತ್ರಾಂಶಕ್ಕೆ ಬೂಟ್ ಫರ್ಮ್‌ವೇರ್ ಎನ್ನುತ್ತಾರೆ. ಗಜೇಂದ್ರಗಡದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ನಿಯಂತ್ರಕ, ಪಂಚಾಯಿತಿಯ ಇಂಟರ್‌ನೆಟ್ ರೂಟರ್, ನ್ಯಾಯಬೆಲೆ ಅಂಗಡಿಯ ಬೆರಳಚ್ಚು ಯಂತ್ರ, ಕಿಸೆಯ ಮೊಬೈಲ್, ಇವೆಲ್ಲವೂ ಇಂಥದೊಂದು ತಂತ್ರಾಂಶದ ಕೈಹಿಡಿದೇ ಏಳುತ್ತವೆ.

ವಿದ್ಯುತ್ ಹರಿದ ಕ್ಷಣದಲ್ಲಿ ಪ್ರೊಸೆಸರ್‌ಗೆ ತನ್ನ ಸುತ್ತ ಏನಿದೆ ಎಂಬುದೇ ತಿಳಿದಿರುವುದಿಲ್ಲ. ಬೋರ್ಡಿನ ಮೇಲೆ ಮುಖ್ಯ ಮೆಮೊರಿ ಇದ್ದರೂ ಅದು ಇನ್ನೂ ಬಳಕೆಗೆ ಬಂದಿಲ್ಲ. ಅದರ ವೇಗ, ವೋಲ್ಟೇಜ್, ಸಂಕೇತಗಳ ನಡುವಿನ ಬಿಡುವು ಎಲ್ಲವನ್ನೂ ಮೊದಲು ಹೊಂದಿಸಬೇಕು. ಹೊಂದಿಸುವ ತಂತ್ರಾಂಶವೇ ಆ ಮೆಮೊರಿಯಲ್ಲಿ ಇರಲಾಗದು. ಆದ್ದರಿಂದ ಕೆಲಸ ಹಂತಹಂತವಾಗಿ ಸಾಗುತ್ತದೆ. ಚಿಪ್ ತಯಾರಾಗುವಾಗಲೇ ಅದರೊಳಗೆ ಅಚ್ಚಾದ ಪುಟ್ಟ ಸಂಕೇತವೊಂದು (ಕೋಡ್) ಫ್ಲಾಶ್ ಸಂಗ್ರಹದಿಂದ ಮೊದಲ ತುಣುಕನ್ನು ಚಿಪ್‌ನೊಳಗಿನ ಕಿರುಮೆಮೊರಿಗೆ ಎಳೆದುಕೊಳ್ಳುತ್ತದೆ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಎಎಂ335ಎಕ್ಸ್ ಚಿಪ್‌ನಲ್ಲಿ ಈ ತುಣುಕಿಗೆ ಸಿಗುವ ಜಾಗ ಸುಮಾರು 110 ಕಿಲೋಬೈಟ್, ಅಂದರೆ ಮೊಬೈಲಿನಲ್ಲಿ ತೆಗೆದ ಒಂದು ಫೋಟೋಗೂ ಸಾಲದಷ್ಟು. ಅಷ್ಟರಲ್ಲೇ ಗಡಿಯಾರ, ವಿದ್ಯುತ್ ಮಟ್ಟ, ಮುಖ್ಯ ಮೆಮೊರಿ ಎಲ್ಲವನ್ನೂ ಸಿದ್ಧಮಾಡಿ, ದೊಡ್ಡ ಬೂಟ್‌ಲೋಡರನ್ನು ತಂದು, ಅದರಿಂದ ಲಿನಕ್ಸ್ ಕರ್ನಲ್ಲನ್ನು ಎಬ್ಬಿಸಬೇಕು. ಇಲ್ಲಿ ಒಂದು ತಪ್ಪಾದರೆ ಪರದೆಯ ಮೇಲೆ ತಪ್ಪಿನ ಸಂದೇಶವೂ ಕಾಣುವುದಿಲ್ಲ, ಏಕೆಂದರೆ ಪರದೆಯನ್ನು ನಡೆಸುವ ತಂತ್ರಾಂಶ ಇನ್ನೂ ಎದ್ದಿರುವುದಿಲ್ಲ. ಯಂತ್ರ ಸುಮ್ಮನೆ ಸತ್ತಂತಿರುತ್ತದೆ. ಮಳೆಮಾಪಕದಂಥ ಸಾಧನದಲ್ಲಿ ಇನ್ನೂ ಚಿಕ್ಕ ಚಿಪ್ ಇದ್ದರೆ ಹಂತಗಳು ಕಡಿಮೆಯಾದಾವು, ಪಾಡು ಇದೇ.

ಈ ತಂತ್ರಾಂಶ ಬಹುಕಾಲ ತಯಾರಕರ ಗುಟ್ಟಾಗಿತ್ತು. ಅದನ್ನು ತೆರೆದಿಡಬೇಕೆಂಬ ಹಟ ಹುಟ್ಟಿದ್ದು ನಿರ್ವಹಣೆಯ ಕಷ್ಟದಿಂದಲೇ. 1999ರಲ್ಲಿ ಅಮೆರಿಕದ ಲಾಸ್ ಅಲಮಾಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ರಾನ್ ಮಿನ್ನಿಕ್ ಲಿನಕ್ಸ್‌ಬಯೋಸ್ ಯೋಜನೆ ಆರಂಭಿಸಿದರು. ಸಾಲುಸಾಲಾಗಿ ಜೋಡಿಸಿದ ನೂರಾರು ಕಂಪ್ಯೂಟರುಗಳಿಗೆ, ಕೀಬೋರ್ಡ್ ಇಲ್ಲವೆಂದು ಹಟ ಹಿಡಿದು ನಿಲ್ಲುವ ಬಯೋಸ್ (ತಯಾರಕರ ಬೂಟ್ ತಂತ್ರಾಂಶ) ಯಾವ ಉಪಯೋಗಕ್ಕೂ ಬರುವಂತಿರಲಿಲ್ಲ. ಅದೇ ಯೋಜನೆ 2008ರಿಂದ ಕೋರ್‌ಬೂಟ್ ಎಂಬ ಹೆಸರಿನಲ್ಲಿದೆ. ಕ್ರೋಮ್‌ಬುಕ್‌ಗಳು ಏಳುವುದು ಅದರಿಂದ. ಜರ್ಮನಿಯ ವೋಲ್ಫ್‌ಗಾಂಗ್ ಡೆಂಕ್ 2000ದಲ್ಲಿ ಪಿಪಿಸಿಬೂಟ್ ಎಂದು ಆರಂಭಿಸಿ 2002ರಲ್ಲಿ ಯು-ಬೂಟ್ ಎಂದು ಹೆಸರಿಟ್ಟ ತಂತ್ರಾಂಶ ಇಂದು ರೂಟರ್, ಮೀಟರ್, ಕೈಗಾರಿಕಾ ನಿಯಂತ್ರಕಗಳಲ್ಲಿ ಹಾಸುಹೊಕ್ಕಾಗಿದೆ. ನಮ್ಮ ನಾಡಿಗೂ ಇದರಲ್ಲಿ ಪಾಲಿದೆ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂತು. ಅದರ ಚಿಪ್‌ಗಳಿಗಾಗಿ ಯು-ಬೂಟ್‌ನಲ್ಲಿ ತಿದ್ದುಪಡಿ ಬರೆಯುವವರಲ್ಲಿ ಬೆಂಗಳೂರಿನ ಎಂಜಿನಿಯರರಿದ್ದಾರೆ. ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸದ ಚಿಪ್‌ಗಳನ್ನು ಎಬ್ಬಿಸುವ ಓಪನ್‌ಎಸ್‌ಬಿಐ 2019ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯಿಂದ ಹೊರಬಂತು; ಅದನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರು ಅನೂಪ್ ಪಟೇಲ್. ಭಾರತ ಸರ್ಕಾರ 2022ರಲ್ಲಿ ಡಿಐಆರ್-ವಿ ಕಾರ್ಯಕ್ರಮದ ಮೂಲಕ ಇದೇ ರಿಸ್ಕ್-ಫೈವ್ ದಾರಿ ಹಿಡಿಯಿತು. ಹೀಗಾಗಿ ಈ ಮೊದಲ ಕ್ಷಣದ ತಂತ್ರಾಂಶ ನಮಗೆ ದೂರದ ವಿಷಯವಲ್ಲ.

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೆ ಬರುತ್ತೇನೆ. ಬೂಟ್ ಫರ್ಮ್‌ವೇರ್ ತೆರೆದಿರುವುದರ ನಿಜವಾದ ಲಾಭ ಅದನ್ನು ಪುಕ್ಕಟೆಯಾಗಿ ಪಡೆಯಬಹುದು ಎಂಬುದರಲ್ಲಿ ಇಲ್ಲ. ಅದನ್ನು ದಿನನಿತ್ಯ ತಿದ್ದಬಹುದು, ತಿದ್ದಿದ್ದನ್ನು ಇನ್ನೊಬ್ಬರು ಪರೀಕ್ಷಿಸಬಹುದು ಎಂಬುದರಲ್ಲಿದೆ. ಹೊಸದನ್ನು ಕಟ್ಟುವವರ ಹೆಸರು ಸುದ್ದಿಯಾಗುತ್ತದೆ. ಯಂತ್ರಗಳನ್ನು ಹತ್ತು ವರ್ಷ ನಡೆಸುವುದು ಮಾತ್ರ ಈ ಸದ್ದಿಲ್ಲದ ದುರಸ್ತಿ. ಸೇವಾ ಕೇಂದ್ರ ಎಷ್ಟು ದೂರವೋ ಅಷ್ಟು ಈ ದುರಸ್ತಿಯ ಬೆಲೆ ಹೆಚ್ಚು. ಬೆಂಗಳೂರಿನಲ್ಲಿ ಕೆಟ್ಟ ರೂಟರನ್ನು ಮಧ್ಯಾಹ್ನದೊಳಗೆ ಬದಲಿಸಬಹುದು. ಸುಮಾರು 400 ಕಿಲೋಮೀಟರ್ ಆಚೆಯ ಗಜೇಂದ್ರಗಡದ ಹಳ್ಳಿಯಲ್ಲಿ ಏಳದೆ ಕುಳಿತ ಮಳೆಮಾಪಕಕ್ಕೆ ಜನ ಬರುವಷ್ಟರಲ್ಲಿ ಆ ಹಂಗಾಮಿನ ಮಳೆಯೇ ಲೆಕ್ಕದಿಂದ ಬಿಟ್ಟುಹೋಗಬಹುದು.

ದುರಸ್ತಿ ಎಂದರೆ ಏನೆಂದು ಒಂದು ದೋಷವನ್ನು ಬಿಡಿಸಿ ನೋಡಿದರೆ ತಿಳಿಯುತ್ತದೆ. 2020ರ ಜುಲೈ 29ರಂದು, ಲಿನಕ್ಸ್ ಕಂಪ್ಯೂಟರುಗಳನ್ನು ಎಬ್ಬಿಸುವ ಗ್ರಬ್2 ಬೂಟ್‌ಲೋಡರಿನ ಬೂಟ್‌ಹೋಲ್ ದೋಷ ಪ್ರಕಟವಾಯಿತು. ಗ್ರಬ್ ಏಳುವಾಗ ಒಂದು ಸಂರಚನಾ ಕಡತವನ್ನು ಓದುತ್ತದೆ. ಅದರಲ್ಲಿ ಮಿತಿಮೀರಿ ಉದ್ದವಾದ ಪದವೊಂದು ಬಂದರೆ ಓದುವ ಭಾಗ ಅದನ್ನು ಗುರುತಿಸಿ, ಇದು ಮಾರಕ ತಪ್ಪು ಎಂದು ಸಾರುತ್ತಿತ್ತು. ಆ ಭಾಗವನ್ನು ಸಿದ್ಧಪಡಿಸಿಕೊಟ್ಟ ಉಪಕರಣದ ನಂಬಿಕೆ ಏನೆಂದರೆ, ಮಾರಕ ತಪ್ಪೆಂದು ಸಾರಿದೊಡನೆ ಕೆಲಸ ಅಲ್ಲಿಗೇ ನಿಲ್ಲುತ್ತದೆ ಎಂಬುದು. ಗ್ರಬ್‌ನಲ್ಲಿ ಆ ಸಾರುವ ಸಾಲು ಸಂದೇಶವನ್ನಷ್ಟೇ ಮುದ್ರಿಸಿ ಹಿಂತಿರುಗುತ್ತಿತ್ತು. ಹಾಗಾಗಿ ಗುರುತಿಸಿದ ತಪ್ಪೇ ಮುಂದೆ ಸಾಗಿ, ಮೀಸಲಿಟ್ಟ ಜಾಗದ ಗಡಿ ದಾಟಿ ಮೆಮೊರಿಯಲ್ಲಿ ಹರಡುತ್ತಿತ್ತು. ಆ ಕಡತವನ್ನು ಬದಲಿಸುವ ಅಧಿಕಾರ ಪಡೆದ ದುರುಳನಿಗೆ, ಸಹಿಯಿರುವ ತಂತ್ರಾಂಶವನ್ನಷ್ಟೇ ಏಳಲು ಬಿಡುವ ಸೆಕ್ಯೂರ್ ಬೂಟ್ ಕಾವಲಿದ್ದರೂ, ಯಂತ್ರವನ್ನು ಮೊದಲ ಕ್ಷಣದಲ್ಲೇ ವಶಪಡಿಸಿಕೊಳ್ಳಲು ಅಷ್ಟು ಸಾಕಿತ್ತು. ಗಮನಿಸಬೇಕಾದ್ದು ಇಷ್ಟು: ಎರಡೂ ಭಾಗಗಳನ್ನು ಬರೆದವರು ತಮ್ಮ ತಮ್ಮ ಮಟ್ಟಿಗೆ ತಿಳಿದೇ ಬರೆದಿದ್ದರು. ಒಬ್ಬರ ನಂಬಿಕೆ ಇನ್ನೊಬ್ಬರ ನಡೆಗೆ ತಾಳೆಯಾಗದ ಸಂದಿನಲ್ಲಿ ದೋಷ ಕುಳಿತಿತ್ತು. ಇಂಥ ಸಂದುಗಳು ಒಬ್ಬ ಜಾಣ ಒಮ್ಮೆ ಓದಿದರೆ ಕಾಣುವುದಿಲ್ಲ. ಮತ್ತೆ ಮತ್ತೆ ಓದುವ ಹಲವು ಕಣ್ಣು ಬೇಕು.

ಯು-ಬೂಟ್‌ನಲ್ಲೂ ಇಂಥದೇ ಕಥೆ. 2019ರಲ್ಲಿ ಜಾಲದ ಮೂಲಕ ಕಡತ ತರಿಸಿಕೊಳ್ಳುವ ಅದರ ಭಾಗದಲ್ಲಿ ಸಂಶೋಧಕರು 13 ದೋಷಗಳನ್ನು ಕಂಡರು. ಹಲವಕ್ಕೆ ಬೇರು ಒಂದೇ. ಹೊರಗಿನಿಂದ ಬಂದ ಪ್ಯಾಕೆಟ್ ತನ್ನ ಉದ್ದ ಇಷ್ಟು ಎಂದು ಹೇಳಿದರೆ, ಅದನ್ನು ಅಳೆದು ನೋಡದೆ ಅಷ್ಟನ್ನೂ ಮೆಮೊರಿಗೆ ನಕಲು ಮಾಡುವುದು. 2025ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಕೃತಕ ಬುದ್ಧಿಮತ್ತೆಯ ನೆರವಿನಿಂದ ಹುಡುಕಿ, ಗ್ರಬ್2ರಲ್ಲಿ 11, ಯು-ಬೂಟ್ ಮತ್ತು ಬೇರ್‌ಬಾಕ್ಸ್ ಬೂಟ್‌ಲೋಡರುಗಳಲ್ಲಿ 9 ದೋಷಗಳನ್ನು ತಿಳಿಸಿತು. ಎಲ್ಲ ಕೆಲಸವೂ ಇಷ್ಟು ಸುದ್ದಿಯಾಗುವಂಥದಲ್ಲ. ಯು-ಬೂಟ್‌ನ ಸಂರಚನೆಯ ಆಯ್ಕೆಗಳು ಬೋರ್ಡಿಗೊಂದು ಕಡತದಲ್ಲಿ ಚದುರಿಹೋಗಿದ್ದವು. ಅವನ್ನು ಒಂದೇ ಕ್ರಮಕ್ಕೆ ತರುವ ಕೆಲಸ 2014ರಲ್ಲಿ ಆರಂಭವಾಗಿ ವರ್ಷಗಟ್ಟಲೆ ನಡೆಯಿತು. 2012ರಿಂದ ಯೋಜನೆಯ ಹೊಣೆ ಹೊತ್ತ ಟಾಮ್ ರಿನಿ ಮತ್ತು ಅವರ ಜೊತೆಗಾರರು ಸಾವಿರಾರು ಆಯ್ಕೆಗಳನ್ನು ಒಂದೊಂದಾಗಿ ಸಾಗಿಸಿದರು. ಬಳಸುವವರಿಗೆ ಇದರಿಂದ ಕಣ್ಣಿಗೆ ಕಾಣುವ ಹೊಸತೇನೂ ಸಿಗಲಿಲ್ಲ. ಆದರೆ ಈ ಕೆಲಸ ಆಗದಿದ್ದರೆ ಮುಂದಿನ ದೋಷವನ್ನು ಒಂದು ಕಡೆ ತಿದ್ದಿ ಎಲ್ಲ ಬೋರ್ಡುಗಳಿಗೂ ತಲುಪಿಸುವುದು ಕಷ್ಟವಾಗುತ್ತಿತ್ತು. ನನ್ನ ಮಟ್ಟಿಗೆ ಇದು ಯಾವ ಹೊಸ ಸೌಲಭ್ಯಕ್ಕಿಂತಲೂ ದೊಡ್ಡ ಕೊಡುಗೆ.

ಸರಿಯಾಗಿ ನಡೆಯುತ್ತಿರುವುದನ್ನು ಏಕೆ ಮುಟ್ಟಬೇಕು ಎಂಬ ಆಕ್ಷೇಪ ಹಳೆಯದು, ಹಗುರವಾದದ್ದೂ ಅಲ್ಲ. ಬೂಟ್‌ಹೋಲ್‌ಗೆ ರೆಡ್ ಹ್ಯಾಟ್ ಕೊಟ್ಟ ಮೊದಲ ತಿದ್ದುಪಡಿಯನ್ನು ಹಾಕಿಕೊಂಡ ಕೆಲವು ಯಂತ್ರಗಳು ಏಳಲೇ ಇಲ್ಲ. ತಿದ್ದುಪಡಿಗೇ ಇನ್ನೊಂದು ತಿದ್ದುಪಡಿ ಬೇಕಾಯಿತು. ಬೂಟ್ ಸಂಕೇತದಲ್ಲಿ ತಪ್ಪು ಮದ್ದು ರೋಗಕ್ಕಿಂತ ಕೆಟ್ಟದ್ದು ಎಂಬುದು ನಿಜ. ಹಾಗೆಂದು ಮದ್ದನ್ನೇ ಬಿಡುವುದು ಉತ್ತರವಾಗದು, ಏಕೆಂದರೆ ಸಂಕೇತ ನಿಂತಲ್ಲೇ ನಿಂತರೂ ಅದರ ಸುತ್ತಲಿನದು ನಿಲ್ಲುವುದಿಲ್ಲ. ಹಳೆಯ ಮೆಮೊರಿ ಚಿಪ್ ಮಾರುಕಟ್ಟೆಯಲ್ಲಿ ಸಿಗದೆ ತಯಾರಕರು ಬೇರೊಂದನ್ನು ಬೆಸುಗೆ ಹಾಕುತ್ತಾರೆ, ಕಂಪೈಲರ್ ಬದಲಾಗುತ್ತದೆ, ಪ್ರಮಾಣಪತ್ರದ ಅವಧಿ ತೀರುತ್ತದೆ. ಸೆಕ್ಯೂರ್ ಬೂಟ್‌ಗೆ ಮೈಕ್ರೋಸಾಫ್ಟ್ 2011ರಲ್ಲಿ ಕೊಟ್ಟ ಪ್ರಮಾಣಪತ್ರಗಳ ಗಡುವು 2026ರ ಜೂನ್‌ನಿಂದ ಮುಗಿಯುವಂಥದು. ಏನನ್ನೂ ಮುಟ್ಟದ ಯಂತ್ರಕ್ಕೂ ಆ ದಿನ ಬರುತ್ತದೆ. ಹೀಗಾಗಿ ಮುಟ್ಟದಿರುವುದಕ್ಕಿಂತ ಎಚ್ಚರದಿಂದ ಮುಟ್ಟುವುದೇ ಸರಿ, ಅದಕ್ಕೆ ಉಪಾಯಗಳೂ ಇವೆ. ಯು-ಬೂಟ್ ತನ್ನ ಸಂರಚನೆಯನ್ನು ತಾಳೆಮೊತ್ತದ (ಚೆಕ್‌ಸಮ್) ಜೊತೆ ಫ್ಲಾಶ್‌ನ ಎರಡು ಕಡೆ ಬರೆದಿಡಬಲ್ಲದು. ಬರೆಯುವಾಗ ವಿದ್ಯುತ್ ಹೋಗಿ ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಎಷ್ಟು ಸಲ ಏಳಲು ಯತ್ನಿಸಿ ಸೋತೆ ಎಂದು ಎಣಿಸಿ, ಮಿತಿ ದಾಟಿದರೆ ಹಳೆಯ ಒಳ್ಳೆಯ ಪ್ರತಿಗೆ ಮರಳುವ ವ್ಯವಸ್ಥೆಯೂ ಅದರಲ್ಲಿದೆ. ವೋಲ್ಟೇಜ್ ಏರಿಳಿಯುವ, ದಿನಕ್ಕೆ ಹಲವು ಬಾರಿ ಕರೆಂಟ್ ಹೋಗುವ ಊರಿಗೆ ಇದಕ್ಕಿಂತ ಹತ್ತಿರದ ಸೌಲಭ್ಯ ಯಾವುದಿದೆ?

ಎಲ್ಲಿ ಕೆಟ್ಟಿತು ಎಂದು ಹುಡುಕುವ ವಿಧಾನವೂ ಸೊಗಸಾದದ್ದು. ಹಿಂದಿನ ಆವೃತ್ತಿ ಸರಿಯಿತ್ತು, ಈಗಿನದು ಏಳುತ್ತಿಲ್ಲ, ನಡುವೆ 1024 ಬದಲಾವಣೆಗಳಾಗಿವೆ ಎನ್ನೋಣ. ಒಂದೊಂದನ್ನೇ ಪರೀಕ್ಷಿಸಬೇಕಾಗಿಲ್ಲ. ನಡುವಿನದನ್ನು ಹಾಕಿ ನೋಡುವುದು. ಯಂತ್ರ ಎದ್ದರೆ ದೋಷ ನಂತರದ ಅರ್ಧದಲ್ಲಿದೆ, ಏಳದಿದ್ದರೆ ಮೊದಲ ಅರ್ಧದಲ್ಲಿದೆ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ 10 ಪರೀಕ್ಷೆಗಳಲ್ಲಿ ತಪ್ಪಿತಸ್ಥ ಬದಲಾವಣೆ ಸಿಕ್ಕುತ್ತದೆ. ಗಿಟ್ ಎಂಬ ಉಪಕರಣ ಈ ಲೆಕ್ಕವನ್ನು ತಾನೇ ಇಡುತ್ತದೆ. ಇದಕ್ಕೆ ಷರತ್ತು ಇಷ್ಟೇ: ಪ್ರತಿ ಬದಲಾವಣೆ ಚಿಕ್ಕದಾಗಿರಬೇಕು, ಕಾರಣ ಬರೆದಿರಬೇಕು, ಇತಿಹಾಸ ಪೂರ್ತಿಯಾಗಿ ತೆರೆದಿರಬೇಕು. ಮುಚ್ಚಿದ ಫರ್ಮ್‌ವೇರಿನಲ್ಲಿ ಬಳಕೆದಾರನ ಕೈಗೆ ಬರುವುದು ಸಿದ್ಧಗೊಂಡ ಒಂದು ಗಂಟು ಮಾತ್ರ. ಅರ್ಧ ಮಾಡಲು ಅಲ್ಲಿ ಏನೂ ಇರುವುದಿಲ್ಲ.

ತೆರೆದಿಟ್ಟರೆ ಕಳ್ಳರಿಗೂ ದಾರಿ ತೋರಿಸಿದಂತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಮುಚ್ಚಿಟ್ಟಲ್ಲಿ ಏನಾಯಿತು ಎಂಬುದಕ್ಕೆ 2024ರ ಪಿಕೆಫೇಲ್ ಪ್ರಕರಣವೇ ಸಾಕ್ಷಿ. ಪರೀಕ್ಷೆಗೆಂದು ಮಾತ್ರ ಮಾಡಿದ, ನಂಬಬೇಡಿ ಎಂದು ಅದರ ಮೇಲೆಯೇ ಬರೆದಿದ್ದ ಸೆಕ್ಯೂರ್ ಬೂಟ್ ಕೀಲಿಯೊಂದನ್ನು ಹಲವು ಕಂಪನಿಗಳು ನೂರಾರು ಮಾದರಿಯ ಕಂಪ್ಯೂಟರುಗಳಲ್ಲಿ ಹಾಗೆಯೇ ಉಳಿಸಿ ಮಾರಿದ್ದವು. ಅದರ ಗುಪ್ತಭಾಗ ಆಗಲೇ ಹೊರಗೆ ಸೋರಿಹೋಗಿತ್ತು. ಮುಚ್ಚಿದ್ದರಿಂದ ದೋಷ ಕಡಿಮೆಯಾಗಲಿಲ್ಲ, ಗೊತ್ತಾಗುವುದು ತಡವಾಯಿತು.

ನನಗೆ ಹೆಚ್ಚು ತೂಕದ್ದೆನಿಸುವುದು ಬೇರೆ ಆಕ್ಷೇಪ. ತೆರೆದಿದ್ದ ಮಾತ್ರಕ್ಕೆ ಯಾರಾದರೂ ನೋಡಿಕೊಳ್ಳುತ್ತಾರೆಂದು ಏನು ಭರವಸೆ? ಭರವಸೆ ಇಲ್ಲ, ನಿಜ. ಯು-ಬೂಟ್ ಮೂಲಯೋಜನೆ ಮೂರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಕೊಡುತ್ತದೆ. ಆದರೆ ಸಾಧನ ತಯಾರಕರು ಹಲವರು ಯಾವುದೋ ಹಳೆಯ ಆವೃತ್ತಿಯನ್ನು ಎತ್ತಿಕೊಂಡು, ತಮಗೆ ಬೇಕಾದ್ದು ಸೇರಿಸಿ, ಮಾರಿ ಮರೆಯುತ್ತಾರೆ. ಮೂಲದಲ್ಲಿ ತಿದ್ದಿದ ದೋಷ ಆ ಸಾಧನಕ್ಕೆ ಎಂದೂ ತಲುಪುವುದಿಲ್ಲ. ಕೋರ್‌ಬೂಟ್ ಬಳಸಿದರೂ ಇಂಟೆಲ್‌ನ ಇತ್ತೀಚಿನ ಚಿಪ್‌ಗಳಲ್ಲಿ ಮೆಮೊರಿ ಹೊಂದಿಸುವ ಭಾಗ ಕಂಪನಿಯ ಮುಚ್ಚಿದ ಗಂಟಾಗಿಯೇ ಬರುತ್ತದೆ. ತೆರೆದಿದ್ದರೆ ಸಾಲದು, ನೋಡಿಕೊಳ್ಳಬೇಕು ಎಂಬುದನ್ನು ನರಗುಂದದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ನವಿಲುತೀರ್ಥದಲ್ಲಿ ಅಣೆಕಟ್ಟಿದೆ, ಮಲಪ್ರಭೆಯ ಕಾಲುವೆ ಹೊಲದವರೆಗೆ ತೋಡಿದೆ ಎಂದ ಮಾತ್ರಕ್ಕೆ ನೀರು ಬಂದಂತಲ್ಲ. 1980ರ ಜುಲೈ 21ರ ರೈತ ಬಂಡಾಯದ ಹಿಂದೆ, ನೀರು ಸರಿಯಾಗಿ ಸಿಗದಿದ್ದರೂ ಕೇಳಿದ ಬೆಟರ್‌ಮೆಂಟ್ ಲೆವಿ ಎಂಬ ನೀರಾವರಿ ಕರದ ಸಿಟ್ಟಿತ್ತು. ಹೂಳು ತೆಗೆಯದ ಕಾಲುವೆಯ ಕೊನೆಯಂಚಿನಲ್ಲಿರುವವರೇ ಮೊದಲು ಒಣಗುತ್ತಾರೆ, ಫರ್ಮ್‌ವೇರಿನಲ್ಲೂ ಹಾಗೆಯೇ.

ಆದ್ದರಿಂದ ಕೇಳಬೇಕಾದ್ದನ್ನು ಕೊಳ್ಳುವಾಗಲೇ ಕೇಳಬೇಕು. ಸಾರ್ವಜನಿಕ ಹಣದಲ್ಲಿ ಮಳೆಮಾಪಕ, ಮೀಟರ್, ರೂಟರ್ ಕೊಳ್ಳುವ ಟೆಂಡರಿನಲ್ಲಿ ಬೂಟ್ ಸಂಕೇತದ ಪೂರ್ಣ ಆಕರ ಕೊಡಬೇಕು, ಆ ಬೋರ್ಡಿನ ಬೆಂಬಲವನ್ನು ಮೂಲಯೋಜನೆಗೆ ಸೇರಿಸಿರಬೇಕು, ಇಷ್ಟು ವರ್ಷ ದೋಷ ತಿದ್ದಿಕೊಡಬೇಕು ಎಂದು ಬರೆಯುವುದು ಸಾಧ್ಯ. ಇದರಿಂದ ಬೆಲೆ ಸ್ವಲ್ಪ ಏರೀತು. ಆ ಏರಿಕೆಯನ್ನು, ಏಳದ ಯಂತ್ರಕ್ಕಾಗಿ ಊರಿಂದೂರಿಗೆ ಜೀಪು ಓಡಿಸುವ ಖರ್ಚಿನ ಜೊತೆ, ಕಳೆದುಹೋದ ಹಂಗಾಮಿನ ಮಳೆಯ ಲೆಕ್ಕದ ಜೊತೆ ಇಟ್ಟು ತೂಗಬೇಕು. ಯು-ಬೂಟ್‌ನಂಥ ತಂತ್ರಾಂಶ ಜಿಪಿಎಲ್ ಪರವಾನಗಿಯಡಿ ಇದೆ. ಅದನ್ನು ಹಾಕಿ ಮಾರಿದವರು ಆಕರವನ್ನು ಕೊಡಲು ಈಗಾಗಲೇ ಕಾನೂನಿನಿಂದ ಬದ್ಧರು. ಕೇಳುವವರಿಲ್ಲದೆ ಆ ಬದ್ಧತೆ ಕಾಗದದ ಮೇಲೆ ಉಳಿದಿದೆ.

ರೋಣದ ರೈತ ಈ ಸಂಕೇತ ಓದುತ್ತಾನೆಯೇ ಎಂದು ಕೇಳಿದರೆ, ಅವನು ಓದಬೇಕಾಗಿಲ್ಲ. ಗದಗದ ತೋಂಟದಾರ್ಯ ಎಂಜಿನಿಯರಿಂಗ್ ಕಾಲೇಜು, ಹುಲಕೋಟಿಯ ಗ್ರಾಮೀಣ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ ಅವನ ಮಕ್ಕಳು ಓದಬಲ್ಲರು. ಯು-ಬೂಟ್‌ಗೆ ಸ್ಯಾಂಡ್‌ಬಾಕ್ಸ್ ಎಂಬ ರೂಪವಿದೆ; ಯಾವ ಬೋರ್ಡೂ ಇಲ್ಲದೆ ಸಾಮಾನ್ಯ ಲಿನಕ್ಸ್ ಕಂಪ್ಯೂಟರಿನಲ್ಲೇ ಅದನ್ನು ಓಡಿಸಿ ಪರೀಕ್ಷಿಸಬಹುದು. ಕ್ಯೂಎಮು ಎಂಬ ಅನುಕರಣ ತಂತ್ರಾಂಶ ಇದ್ದರೆ ರಿಸ್ಕ್-ಫೈವ್ ಯಂತ್ರವನ್ನೇ ತಂತ್ರಾಂಶದಲ್ಲಿ ಕಟ್ಟಿ, ಓಪನ್‌ಎಸ್‌ಬಿಐಯಿಂದ ಲಿನಕ್ಸ್‌ವರೆಗೆ ಪ್ರತಿ ಹಂತವನ್ನೂ ನೋಡಬಹುದು. ಬೇರೆಯವರ ತಿದ್ದುಪಡಿಯನ್ನು ಹಾಕಿ ನೋಡಿ, ಯಂತ್ರ ಎದ್ದಿತೆಂದು ತಿಳಿಸಿದವರ ಹೆಸರನ್ನೂ ಈ ಯೋಜನೆಗಳು ತಿದ್ದುಪಡಿಯ ಜೊತೆಗೇ, ಬರೆದವರ ಹೆಸರಿನ ಕೆಳಗೆ ದಾಖಲಿಸುತ್ತವೆ. ಕರೆಂಟ್ ಹತ್ತಾರು ಬಾರಿ ಹೋಗಿಬಂದರೂ ಏಳುತ್ತದೆಯೇ ಎಂದು ನೋಡಿ ವರದಿ ಮಾಡುವವರು ಆ ಯೋಜನೆಗಳಿಗೆ ಬಹಳ ಬೇಕು; ಅಂಥ ಪರೀಕ್ಷೆಗೆ ಬೇಕಾದ ಕರೆಂಟಿನ ಏರಿಳಿತ ಗಜೇಂದ್ರಗಡದಲ್ಲಿ ಪ್ರಯೋಗಾಲಯ ಕಟ್ಟದೆಯೇ ಸಿಗುತ್ತದೆ.