ಬಿಸಿಲಲ್ಲಿ ಎರಡು ತಾಸು

ಕಿಡ್ನಿ ಕಸಿ ಮಾಡಿಸಿಕೊಂಡವರು ಮಾತ್ರೆ ಬಿಡುವಂತಿಲ್ಲ. ಇನ್ನೊಬ್ಬರ ಅಂಗವನ್ನು ದೇಹ ಹೊರದೂಡದಿರಲಿ ಎಂದು ರೋಗನಿರೋಧಕ ಶಕ್ತಿಯನ್ನು ಸದಾ ತಗ್ಗಿಸಿಯೇ ಇಡಬೇಕು. ಇದರ ಪೆಟ್ಟು ಚರ್ಮಕ್ಕೂ ಬೀಳುತ್ತದೆ. ಬಿಳಿ ಚರ್ಮದ ಯುರೋಪಿಯನ್ನರಲ್ಲಿ ಕಸಿಯಾದವರಿಗೆ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಎಂಬ ಚರ್ಮದ ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ಸುಮಾರು 65ರಿಂದ 100 ಪಟ್ಟು ಹೆಚ್ಚು. ಅಜಾಥಯೋಪ್ರಿನ್ ಎಂಬ ಹಳೆಯ ಮಾತ್ರೆಯಂತೂ ಬಿಸಿಲಿನ ಯುವಿ-ಎ ಕಿರಣ ಚರ್ಮದ ಡಿಎನ್‌ಎಯನ್ನು ಸುಲಭವಾಗಿ ಕೆಡಿಸುವಂತೆ ಮಾಡುತ್ತದೆ. ನಮ್ಮ ಮೈಬಣ್ಣದ ಮೆಲನಿನ್ ಈ ವಿಷಯದಲ್ಲಿ ದೊಡ್ಡ ರಕ್ಷೆ. ಇಲ್ಲಿನ ಕಸಿ ರೋಗಿಗಳನ್ನು ಹೆಚ್ಚು ಕಾಡುವುದು ಶಿಲೀಂಧ್ರದ ಸೋಂಕು, ನರಹುಲಿ.

ಕ್ಯಾನ್ಸರಿಗೆ ಮೊದಲು ಹಣೆ, ಬೋಳುತಲೆ, ಮುಂಗೈ ಮೇಲೆ ಮರಳುಕಾಗದದಂಥ ಒರಟು ಮಚ್ಚೆಗಳು ಏಳುತ್ತವೆ. ಆಕ್ಟಿನಿಕ್ ಕೆರಟೋಸಿಸ್ ಎಂದು ಹೆಸರು. ಕಣ್ಣಿಗೆ ಕಂಡದ್ದು ಹತ್ತಾದರೆ, ಸುತ್ತಲ ಚರ್ಮದಲ್ಲಿ ಕಾಣದವು ಇನ್ನೆಷ್ಟೋ. ಒಂದೊಂದನ್ನೇ ಸುಡುತ್ತ ಕೂತರೆ ಮುಗಿಯುವ ಕೆಲಸವಲ್ಲ.

ಇಡೀ ಜಾಗಕ್ಕೆ ಒಟ್ಟಿಗೆ ಮಾಡಬಹುದಾದ ಚಿಕಿತ್ಸೆ ಫೋಟೊಡೈನಮಿಕ್ ಥೆರಪಿ. ಹಚ್ಚುವ ಕ್ರೀಮು ಕೆಟ್ಟ ಜೀವಕೋಶಗಳ ಒಳಹೊಕ್ಕು ಪ್ರೋಟೊಪಾರ್ಫೈರಿನ್ ಎಂಬ ವಸ್ತುವಾಗುತ್ತದೆ. ಅದಕ್ಕೆ ಬೆಳಕು ತಾಗಿದರೆ ಆಮ್ಲಜನಕ ಉಗ್ರರೂಪ ತಾಳಿ ಆ ಕೋಶವನ್ನೇ ಕೊಲ್ಲುತ್ತದೆ. ರೂಢಿಯ ಕ್ರಮದಲ್ಲಿ ಕ್ರೀಮು ಹಚ್ಚಿ ಮೂರು ತಾಸು ಮುಚ್ಚಿಟ್ಟು, ಆಮೇಲೆ ಸುಮಾರು 630 ನ್ಯಾನೋಮೀಟರಿನ ಕೆಂಪು ದೀಪ ಹಿಡಿಯುತ್ತಾರೆ. ಉರಿ ಎಂದರೆ ಉರಿ. ಅದು ತಾಳಲಾಗದೆ ದೀಪ ಆರಿಸಿ ಎಂದು ಕೇಳುವವರಿದ್ದಾರೆ.

ಇದಕ್ಕೆ ದಾರಿ ಹುಡುಕಿದ್ದು ಕೋಪನ್‌ಹೇಗನ್. ಚರ್ಮದ ಕ್ಷಯವನ್ನು ಬೆಳಕಿನಿಂದ ಗುಣಪಡಿಸಿ 1903ರಲ್ಲಿ ನೊಬೆಲ್ ಪಡೆದ ನೀಲ್ಸ್ ಫಿನ್ಸೆನ್ ಕೆಲಸ ಮಾಡಿದ ಊರು ಅದು. ಫಿನ್ಸೆನ್ ಬೆಳಕನ್ನು ಒಂದೆಡೆ ಕೇಂದ್ರೀಕರಿಸಿದ್ದ. ಅಲ್ಲಿನ ಬಿಸ್ಪೆಬ್ಯರ್ಗ್ ಆಸ್ಪತ್ರೆಯ ಹನ್ಸ್ ಕ್ರಿಶ್ಚಿಯನ್ ವುಲ್ಫ್ ಮತ್ತು ಸಂಗಡಿಗರು ತದ್ವಿರುದ್ಧ ನಡೆದರು. ಸನ್‌ಸ್ಕ್ರೀನ್ ಬಳಿದು, ಹೊಪ್ಪಳೆ ಕೆರೆದು, ಕ್ರೀಮು ಹಚ್ಚಿ, ಅರ್ಧ ಗಂಟೆಯೊಳಗೆ ರೋಗಿಯನ್ನು ಹೊರಗೆ ಕಳಿಸಿದರು. ಎರಡು ತಾಸು ಬಯಲಲ್ಲಿದ್ದರೆ ಸಾಕು, ಮೋಡವಿದ್ದರೂ ನಡೆದೀತು. ಪಾರ್ಫೈರಿನ್ ಗುಡ್ಡೆ ಬೀಳುವ ಮೊದಲೇ ಆಗಾಗಿನದು ಆಗಾಗ ಖರ್ಚಾಗುತ್ತದೆ. ಒಟ್ಟಿಗೆ ಕಟ್ಟಬೇಕಾದ ಸಾಲವನ್ನು ಕಂತಿನಲ್ಲಿ ತೀರಿಸಿದ ಹಾಗೆ. ನೋವು ಹೆಚ್ಚಿನವರಿಗೆ ಇಲ್ಲವೆನ್ನುವಷ್ಟು ಕಡಿಮೆ. ಸನ್‌ಸ್ಕ್ರೀನಿನಲ್ಲಿ ಮಾತ್ರ ಸತುವಿನ ಪುಡಿ ಇರಕೂಡದು, ಬೇಕಾದ ಬೆಳಕನ್ನೂ ಅದು ತಡೆದುಬಿಡುತ್ತದೆ. ಇನ್ನೂ ಜೋರಾದ ದೀಪ ಕಂಡುಹಿಡಿಯುವುದಕ್ಕಿಂತ ಇದು ದೊಡ್ಡ ಜಾಣತನ ಎಂದೇ ನನ್ನ ಎಣಿಕೆ. ವರ್ಷ ವರ್ಷವೂ ಚಿಕಿತ್ಸೆಗೆ ಮರಳಬೇಕಾದವರಿಗೆ ನೋವೇ ಮೊದಲ ಅಡ್ಡಿ.

ಕಸಿಯಾದವರು ಮರಳಲೇಬೇಕು. ಮೊದಮೊದಲು ಮಚ್ಚೆ ಎಲ್ಲರಂತೆ ಮಾಯವಾದರೂ, ವರ್ಷ ಕಳೆಯುವಷ್ಟರಲ್ಲಿ ಇವರಲ್ಲಿ ಮತ್ತೆ ಏಳುವುದು ಹೆಚ್ಚು. ಕೆಟ್ಟದ್ದನ್ನು ಗುಡಿಸಿ ಹಾಕುವ ರೋಗನಿರೋಧಕ ಪಡೆಗೇ ಮಾತ್ರೆ ಕಡಿವಾಣ ಹಾಕಿರುತ್ತದೆ. ಕ್ರೀಮು ಆಳಕ್ಕಿಳಿಯಲೆಂದು ಮೊದಲು ಲೇಸರಿನಿಂದ ಸೂಕ್ಷ್ಮ ರಂಧ್ರ ಕೊರೆಯುವ ಪ್ರಯೋಗವನ್ನೂ ಡೆನ್ಮಾರ್ಕಿನವರು ಕಸಿ ರೋಗಿಗಳಲ್ಲೇ ಮಾಡಿ, ಫಲ ಹೆಚ್ಚಿದ್ದನ್ನು ಕಂಡಿದ್ದಾರೆ. ಆದರೆ ಬುಡ ಗಟ್ಟಿಯಾಗಿ ಬೇಗ ಬೆಳೆಯುವ, ಮುಟ್ಟಿದರೆ ನೋಯುವ ಗಂಟಿದ್ದರೆ ಬೆಳಕಿಗೆ ಕಾಯುವುದು ಬೇಡ. ಅದಕ್ಕೆ ಬಯಾಪ್ಸಿ, ಕ್ಯಾನ್ಸರ್ ಎಂದಾದರೆ ಕತ್ತರಿ.