ಇಸ್ತ್ರಿ ಹಾಸಿನ ಕಲೆ: ಉಜ್ಜುವ ಮುನ್ನ ಯೋಚಿಸಿ

ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುವುದು ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಹೊಸ ವಿದ್ಯೆಯೇನಲ್ಲ. ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಇದರ ನಂಟಿನ ಕಲೆಗೆ ಕ್ವಿಲ್ಟ್ ಎಂಬ ಹೆಸರು. ಅಲ್ಲಿ ಪ್ರತಿಯೊಂದು ತುಂಡನ್ನೂ ಹೊಲಿದ ಕೂಡಲೇ ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ಮಟ್ಟ ಮಾಡುತ್ತಾರೆ. ಅದಕ್ಕೆಂದು ಕೆಳಗೆ ಹಾಸುವುದು ಒತ್ತಿ ಗಟ್ಟಿ ಮಾಡಿದ ಉಣ್ಣೆಯ ದಪ್ಪ ಹಾಸು. ನಮ್ಮ ಮನೆಗಳಲ್ಲಿ ಮೇಜಿನ ಮೇಲೆ ಮಡಿಸಿ ಹಾಸುವ ಕಂಬಳಿಯೂ ಇದರ ಸೋದರನೇ.

ಉಣ್ಣೆಯೇ ಏಕೆ? ಅದರ ಎಳೆಗಳ ನಡುವೆ ಸಿಲುಕಿದ ಗಾಳಿ ಶಾಖವನ್ನು ಕೆಳಗೆ ಹೋಗಗೊಡದೆ ಬಟ್ಟೆಯಲ್ಲೇ ಉಳಿಸುತ್ತದೆ. ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವವನ್ನು ಹೀರಿದರೂ ಉಣ್ಣೆ ಒದ್ದೆಯಾದಂತೆ ತೋರದು. ಹತ್ತಿಯಷ್ಟು ಸುಲಭವಾಗಿ ಬೆಂಕಿಯೂ ಹಿಡಿಯದು.

ದಿನ ಕಳೆದಂತೆ ಹಾಸಿನ ಮೇಲೆ ಕಲೆಗಳು ಮೂಡುತ್ತವೆ. ಮಗುವಿನ ಬಿಳಿ ಸಮವಸ್ತ್ರಕ್ಕೆ ಆ ಕಲೆ ಅಂಟಿದಾಗಲೇ ಗಾಬರಿ. ಆಗ ಅನೇಕರು ಬಿಸಿನೀರು, ಸೋಪು, ಬ್ರಷ್ ಹಿಡಿದು ಕೂರುತ್ತಾರೆ. ಹಾಸು ಹಾಳಾಗುವುದು ಇಲ್ಲೇ!

ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರಗಳಿವೆ. ಬಿಸಿನೀರು, ಸೋಪು ಮತ್ತು ತಿಕ್ಕಾಟ ಸೇರಿದರೆ ಈ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಹಾಸು ಕುಗ್ಗಿ ಸೊಟ್ಟಗಾಗುತ್ತದೆ. ಅಲ್ಲದೆ ಉಣ್ಣೆ ನಮ್ಮ ಕೂದಲಿನಂತೆ ಕೆರಾಟಿನ್ ಎಂಬ ಪ್ರೋಟೀನು. ದುರ್ಬಲ ಆಮ್ಲವನ್ನು ಅದು ತಾಳಿಕೊಳ್ಳುತ್ತದೆ, ಕ್ಷಾರವನ್ನಲ್ಲ. ಆದ್ದರಿಂದ ವಾಷಿಂಗ್ ಸೋಡಾ ಸಲ್ಲದು. ಕ್ಲೋರಿನ್ ಬ್ಲೀಚ್ ಅಂತೂ ಉಣ್ಣೆಯನ್ನೇ ಕರಗಿಸಿಬಿಡುತ್ತದೆ.

ಕಲೆ ಯಾವುದು?

ಮೊದಲು ಒದ್ದೆ ಮಾಡಿದ ಬಿಳಿ ಚಿಂದಿಯೊಂದನ್ನು ಕಲೆಯ ಮೇಲಿಟ್ಟು ಕೈಯಿಂದ ಒತ್ತಿ ನೋಡಿ. ಚಿಂದಿಗೆ ಬಣ್ಣ ಹತ್ತದಿದ್ದರೆ ಅದು ಬಹುಶಃ ಶಾಖದಿಂದ ಎಳೆಯೇ ಕಂದಿದ ಗುರುತು. ಅದು ತೊಳೆದರೆ ಹೋಗದು, ಬಟ್ಟೆಗೂ ಹಾನಿ ಮಾಡದು. ಸುಮ್ಮನೆ ಬಿಡುವುದೇ ಜಾಣತನ.

ಬಣ್ಣ ಹತ್ತಿದರೆ, ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಅಂಚಿನಿಂದ ಒಳಕ್ಕೆ ಒತ್ತಿ ಒತ್ತಿ ತೆಗೆಯಬೇಕು, ಉಜ್ಜಬಾರದು. ಗಂಜಿಯ ಕಲೆಗೆ ಉಗುರುಬೆಚ್ಚಗಿನ ನೀರು ಸಾಕು. ಗಡಸು ನೀರಿನ ಬಿಳಿ ಗುರುತಿಗೆ ಒಂದು ಲೋಟ ನೀರಿಗೆ ಒಂದು ಚಮಚ ವಿನಿಗರ್ ಬೆರೆಸಿ ಒತ್ತಬಹುದು. ಬಾಲ್‌ಪೆನ್ ಶಾಯಿಗೆ ಹತ್ತಿಯಲ್ಲಿ ಸ್ವಲ್ಪ ಸ್ಪಿರಿಟ್ ತೆಗೆದುಕೊಳ್ಳಿ. ಆದರೆ ಸ್ಪಿರಿಟ್ ಬೇಗ ಹೊತ್ತಿಕೊಳ್ಳುವ ದ್ರವ. ಬಿಸಿ ಇಸ್ತ್ರಿ ಪೆಟ್ಟಿಗೆ ಹತ್ತಿರವಿರಕೂಡದು. ಅಂಟಿನ ಕಲೆಯಾದರೆ ಮೇಲೆ ಕಂದು ಕಾಗದವಿಟ್ಟು ಬಿಸಿ ಇಸ್ತ್ರಿಯಿಂದ ಒತ್ತಿ. ಅಂಟು ಕರಗಿ ಕಾಗದಕ್ಕೆ ಹತ್ತಿಕೊಳ್ಳುತ್ತದೆ.

ಒಂದು ಎಚ್ಚರಿಕೆ: ವಿನಿಗರ್ ಮತ್ತು ಬ್ಲೀಚ್ ಎಂದೂ ಒಂದುಗೂಡಬಾರದು. ಇವೆರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಬಂದ ಮೇಲಿಗಿಂತ ಬಾರದಂತೆ

ಹಾಸಿನ ಮೇಲೆ ತೆಳುವಾದ ಬಿಳಿ ಹತ್ತಿ ಬಟ್ಟೆ ಹಾಸಿ, ಅದನ್ನು ಆಗಾಗ ಒಗೆಯುವುದು ಎಲ್ಲಕ್ಕಿಂತ ಸುಲಭ ಉಪಾಯ. ಬಣ್ಣ ಬಿಡುವ ಹೊಸ ಬಟ್ಟೆಗೆ ಹಬೆ ಹಾಯಿಸಬೇಡಿ. ಹಬೆ ಉಣ್ಣೆಯ ಮೂಲಕ ಇಳಿದು ಮೇಜಿನ ಪಾಲಿಶನ್ನು ಕೆಡಿಸಬಹುದು. ಕೆಳಗೆ ಶಾಖ ತಡೆಯುವ ಹಲಗೆಯೊಂದಿರಲಿ. ಬಳಸಿದ ನಂತರ ಹಾಸನ್ನು ನೆರಳಿನಲ್ಲಿ ಚಪ್ಪಟೆಯಾಗಿ ಹರಡಿ, ಪೂರ್ತಿ ಒಣಗಿದ ಮೇಲಷ್ಟೇ ಎತ್ತಿಡಿ.

ಉಣ್ಣೆಯೆಂದು ಕೊಂಡ ಕಂಬಳಿ ಅಕ್ರಿಲಿಕ್ ಆಗಿದ್ದರೆ? ಅದು ಬಿಸಿಗೆ ಕರಗಿ ಬಟ್ಟೆಗೂ ಇಸ್ತ್ರಿ ಪೆಟ್ಟಿಗೆಗೂ ಅಂಟೀತು. ಪರೀಕ್ಷೆ ಸರಳ. ದೊಡ್ಡವರು ಒಂದು ಎಳೆಯನ್ನು ಚಿಮ್ಮಟದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಜ್ವಾಲೆಗೆ ಒಡ್ಡಲಿ. ಉಣ್ಣೆಯಾದರೆ ಸುಟ್ಟ ಕೂದಲಿನ ವಾಸನೆ ಬಂದು, ಉಳಿದ ಕರಿ ಬೆರಳಿಗೆ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಅಂಥದ್ದನ್ನು ಇಸ್ತ್ರಿಗೆ ಹಾಸಬೇಡಿ. ಮಕ್ಕಳು ಪಕ್ಕದಲ್ಲಿ ನಿಂತು ನೋಡಲಿ. ಪಠ್ಯಪುಸ್ತಕದ ನಾರುಗಳ ಪಾಠ ಆಗ ತಾನಾಗಿ ನೆನಪಿನಲ್ಲಿ ಉಳಿಯುತ್ತದೆ.